ಕುರ್ಚಿ ಹಾಕುವವನ ಆರ್ಕೆಸ್ಟ್ರಾ

ಈ ರಿಯಾದ್ ಶಹರದ ದೊಡ್ಡ ಆರ್ಕೆಸ್ಟ್ರಾ ಕಟ್ಟಿದವರು ಯಾರು ಗೊತ್ತೇ? ನನ್ನ ಮೈದುನ! ಇದು ನಾನು ಹೇಳುವುದಲ್ಲ, ಅವನೇ ಹೇಳುವುದು. ಪಿಟೀಲು ಹಿಡಿಯಲು ಅವನಿಗೆ ಬಾರದು. ಕೊಳಲು ಊದಲು ಬಾರದು. ತಾಳ ಹಾಕಿದರೆ ಭಜನೆಯವರೇ ಎದ್ದು ಹೋಗುತ್ತಾರೆ. ಅವನು ಕುಂದಾಪುರ ಕಡೆಯ ಬಡಗಿ. ಆರ್ಕೆಸ್ಟ್ರಾದಲ್ಲಿ ಅವನ ಕೆಲಸ ಕುರ್ಚಿ ಹಾಕುವುದು.

"ಕುರ್ಚಿ ಇಲ್ಲದಿದ್ರೆ ಅವರೆಲ್ಲ ನಿಂತೇ ಬಾರಿಸ್ಬೇಕಲ್ಲ ಅತ್ತಿಗೆ?" ಎನ್ನುತ್ತಾನೆ. ಇದಕ್ಕೆ ನೀವು ಏನು ಉತ್ತರ ಕೊಡುತ್ತೀರಿ?

ಮೊದಲು ಇಲ್ಲಿಯ ಬತ್ಹಾ ಪೇಟೆಯಲ್ಲಿ ನಮ್ಮದೊಂದು ಹೊಲಿಗೆ ಅಂಗಡಿ, ಅದರ ಮೇಲೆ ಒಂದೇ ಕೋಣೆ. ಪ್ರತಿ ಶುಕ್ರವಾರ ಮೈದುನ ಊಟಕ್ಕೆ ಬರುತ್ತಿದ್ದ. ಒಮ್ಮೆ ಬಂದವನ ಮುಖ ನೋಡಬೇಕಿತ್ತು, ಲಾಟರಿ ಹೊಡೆದವನ ಹಾಗೆ! ವಿದೇಶಿಯರೇ ವಾಸಿಸುವ, ಸುತ್ತ ಗೋಡೆಯ ಕಾಂಪೌಂಡಿನಲ್ಲಿ ಒಬ್ಬ ಡಾಕ್ಟರರ ಮನೆಗೆ ಕಪಾಟು ರಿಪೇರಿಗೆ ಹೋಗಿದ್ದನಂತೆ. ಒಳಗೆ ಏಳು ಜನ ಕಿಟಕಿಗೆಲ್ಲ ಕಂಬಳಿ ಕಟ್ಟಿಕೊಂಡು ಪಿಟೀಲು ಬಾರಿಸುತ್ತಿದ್ದರಂತೆ. ಆ ಕಾಲದಲ್ಲಿ ಇಲ್ಲಿ ಸಂಗೀತ ಗೋಡೆ ದಾಟುವ ಹಾಗಿರಲಿಲ್ಲ. ಪಾಪ, ಸಂಗೀತದ ಕಾಗದ ಇಡಲು ಅವರಿಗೆ ಸ್ಟ್ಯಾಂಡ್ ಇರಲಿಲ್ಲ. ಇವನು ಕೂತು ಏಳು ಸ್ಟ್ಯಾಂಡ್ ಮಾಡಿಕೊಟ್ಟ.

"ಮರ ಎಲ್ಲಿಂದ ಬಂತು ಮಾರಾಯ?" ಎಂದರು ನನ್ನ ಗಂಡ.

"ಕಪಾಟಿನ ಬಾಗಿಲು ಇತ್ತಲ್ಲ ಅಣ್ಣ!"

ಅಂದಿನಿಂದ ಅವನ ಬಾಯಲ್ಲಿ "ಅವರು" ಹೋಗಿ "ನಾವು" ಬಂತು. "ನಾವು ಈಗ ಹನ್ನೊಂದು ಜನ." "ನಮಗೆ ಒಬ್ಬ ಕಹಳೆಯವ ಸಿಕ್ಕಿದ." ಪ್ರತಿ ಶುಕ್ರವಾರ ಚಾಪೆಯ ಮೇಲೆ ನನ್ನ ಚಮಚಗಳನ್ನೆಲ್ಲ ಸಾಲಾಗಿಟ್ಟು ಪಾಠ ಮಾಡುತ್ತಿದ್ದ. ಇದು ಪಿಟೀಲು, ಇದು ಕೊಳಲು, ಮುಂದೆ ನಿಂತಿರುವ ಈ ಸೌಟು ಮೇಷ್ಟ್ರು.

"ಸೌಟು ಎಂತ ಬಾರಿಸ್ತದೆ?" ಎಂದೆ.

"ಎಂತದೂ ಇಲ್ಲ. ಕೋಲು ಆಡಿಸ್ತದೆ. ಆದ್ರೆ ಎಲ್ಲರೂ ಅವರನ್ನೇ ನೋಡ್ಬೇಕು."

"ಹಾಗಾದ್ರೆ ಅಂಗಡಿಯಲ್ಲಿ ನಿನ್ನ ಅಣ್ಣನ ಹಾಗೆ ಅನ್ನು!"

ನನ್ನ ಗಂಡ ಆ ದಿನ ಎರಡನೇ ಸಲ ಮೀನುಸಾರು ಕೇಳಲಿಲ್ಲ.

ಈಗ ಅವರೂ ಇಲ್ಲ, ಆ ಅಂಗಡಿಯೂ ಇಲ್ಲ. ನಾನು ಇಲ್ಲೇ ರಿಯಾದಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಈ ಊರಿನ ರೀತಿಯೂ ಬದಲಾಯಿತು. ಕಿಟಕಿಯ ಕಂಬಳಿ ಬಿಚ್ಚಿ, ಸಂಗೀತ ದೊಡ್ಡ ಸಭಾಂಗಣಕ್ಕೆ ಬಂತು. ಏಳು ಜನ ಅರವತ್ತಾದರು. ಇಲ್ಲಿಯದೇ ಹುಡುಗಿಯರು ಪಿಟೀಲು ಹಿಡಿದು ವೇದಿಕೆ ಹತ್ತಿದರು. ಟಿಕೆಟ್ ಕೊಂಡು ಜನ ಬಂದರು!

ಸಭಾಂಗಣದ ಮೊದಲ ದಿನ ಅರವತ್ತು ಕುರ್ಚಿ ಹಾಕುವ ಭಾಗ್ಯ ನಮ್ಮ ಮೈದುನನದು. ಏಳು ಜನಕ್ಕೆ ಹಾಕಿ ಗೊತ್ತಿತ್ತು. ಅರವತ್ತು ಜನಕ್ಕೆ ಎಂದರೆ ಅವನು ಕಂಡದ್ದು ಮದುವೆ ಊಟ ಒಂದೇ. ಹಾಕಿದ ನೋಡಿ! ಎದುರುಬದುರು ನಾಲ್ಕು ಪಂಕ್ತಿ, ನಡುವೆ ಅಗಲವಾದ ದಾರಿ. ಸಾಲದ್ದಕ್ಕೆ ಹೆಂಗಸರ ಕುರ್ಚಿಗಳನ್ನು ಒಂದು ಮೂಲೆಗೆ ಸರಿಸಿ ಪರದೆ ಬೇರೆ ಕಟ್ಟಿದ್ದ. ಈ ಊರಿನ ಹೋಟೆಲುಗಳಲ್ಲಿ ಅಷ್ಟು ವರ್ಷ ನೋಡಿದ್ದು ಅದನ್ನೇ ಅಲ್ಲವೇ? ಮೇಷ್ಟ್ರು ಬಂದು ತಲೆ ಹಿಡಿದುಕೊಂಡು ಕೇಳಿದರಂತೆ, ನಡುವೆ ಈ ದಾರಿ ಯಾಕೆ ಎಂದು.

"ಬಡಿಸಲಿಕ್ಕೆ!" ಎಂದನಂತೆ ಇವನು.

ಆಮೇಲೆ ಹಗ್ಗ, ಸೀಮೆಸುಣ್ಣ ಹಿಡಿದು ಅರ್ಧಚಂದ್ರ ಎಳೆಯುವುದನ್ನು ಕಲಿತ. ಕಲಿತ ಮೇಲೆ ಒಂದು ಕುರ್ಚಿ ಒಂದು ಬೆರಳಿನಷ್ಟೂ ಆಚೀಚೆ ಆದದ್ದಿಲ್ಲ. ಅದನ್ನು ನಾನೂ ಒಪ್ಪುತ್ತೇನೆ.

ಕಳೆದ ತಿಂಗಳು ಅವನ ಕೆಲಸ ಮುಗಿಯಿತು. ಊರಿಗೆ ಹೊರಡುವ ಕಾಗದವೂ ಆಯಿತು. ಬಂದು ಎದುರಿಗೆ ಕೂತ.

"ಅತ್ತಿಗೆ, ಇಷ್ಟು ವರ್ಷದಲ್ಲಿ ನಾನು ಒಂದು ಕಚೇರಿಯನ್ನೂ ಮುಂದೆ ಕೂತು ಪೂರ್ತಿ ಕೇಳ್ಲಿಲ್ಲ. ಯಾವಾಗ್ಲೂ ಪರದೆ ಹಿಂದೆ, ಕೈಯಲ್ಲಿ ಸುತ್ತಿಗೆ. ಹೋಗುವ ಮೊದ್ಲು ಒಮ್ಮೆ ಕೇಳ್ಬೇಕು. ಎರಡು ಟಿಕೆಟ್ ಕೊಟ್ಟಿದ್ದಾರೆ, ನೀವೂ ಬನ್ನಿ."

"ನಾನ್ಯಾಕೆ? ನಂಗೆ ಎಂತ ಅರ್ಥ ಆಗ್ತದೆ?"

"ಅರ್ಥ ಆಗುದು ಬೇಡ. ನಾನು ಎದ್ದು ಓಡದ ಹಾಗೆ ಹಿಡ್ಕೊಳ್ಳಿ, ಸಾಕು."

ಹೋದೆವು. ಶುರುವಿನಲ್ಲಿ ಬಸ್ ಸ್ಟ್ಯಾಂಡಿನಂಥ ಗದ್ದಲ. ಅದು ಬರೀ ಶ್ರುತಿ ಸೇರಿಸುವುದಂತೆ! ಆಮೇಲೆ ನಿಜವಾದದ್ದು ಶುರುವಾಯಿತು. ಐದು ನಿಮಿಷ ಆಗಿರಲಿಲ್ಲ, ಇವನು ಚಡಪಡಿಸತೊಡಗಿದ.

"ಅತ್ತಿಗೆ, ಕೊಳಲಿನವನ ಕುರ್ಚಿ ಅಲ್ಲಾಡ್ತದೆ!"

ಅಂಗಿಯ ತುದಿ ಹಿಡಿದೆ. "ಅಲ್ಲಾಡ್ಲಿ. ಬೇಕಾದ್ರೆ ಬೀಳ್ಲಿ. ನೀನು ಕೂತ್ಕೊ."

ಆ ತುಣುಕು ಮುಗಿದದ್ದೇ ತಡ, ನನ್ನ ಕೈಯಿಂದ ಅಂಗಿ ಬಿಡಿಸಿಕೊಂಡು ಓಡಿದ! ನೇರ ವೇದಿಕೆ ಹತ್ತಿ, ಮಂಡಿಯೂರಿ, ಜೇಬಿನಿಂದ ಟಿಕೆಟ್ ತೆಗೆದು ಮಡಚಿ ಕುರ್ಚಿಯ ಕಾಲಿನಡಿ ತುರುಕಿದ. ಜನ ನಕ್ಕರು. ನನಗೆ ಭೂಮಿಯೊಳಗೆ ಹೋಗುವಂತಾಯಿತು. ಅಷ್ಟರಲ್ಲಿ ಪಿಟೀಲಿನವರೆಲ್ಲ ಕಮಾನಿನಿಂದ ಸ್ಟ್ಯಾಂಡಿಗೆ ಟಕಟಕ ಬಡಿಯತೊಡಗಿದರು. ಸಿಟ್ಟು ಬಂತು ಇವರಿಗೆ, ಇನ್ನು ಇವನನ್ನು ಹೊರಗೆ ಹಾಕುತ್ತಾರೆ, ಕೇಳುವುದು ಇಲ್ಲಿಗೇ ಮುಗಿಯಿತು ಎಂದುಕೊಂಡೆ.

ತಲೆ ತಗ್ಗಿಸಿ ವಾಪಸು ಬಂದ. "ಬೈದ್ರಾ?" ಎಂದೆ.

"ಇಲ್ಲ ಅತ್ತಿಗೆ. ಅದು ಅವರ ಚಪ್ಪಾಳೆ." ಪಕ್ಕದಲ್ಲಿ ಕೂತ. "ನಂಗೆ ಹೊಡೆದದ್ದು."

ದೀಪ ಮತ್ತೆ ಸಣ್ಣದಾಯಿತು. ನಾನು ಈ ಸಲ ಅಂಗಿಯ ತುದಿಯನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡೆ. ಅವನು ಅಲುಗಲಿಲ್ಲ. ಕುರ್ಚಿಗಳನ್ನೂ ನೋಡಲಿಲ್ಲ. ಕಣ್ಣು ಮುಚ್ಚಿ, ಒದ್ದೆ ಮುಖ ಒರೆಸಿಕೊಳ್ಳದೆ, ಕೊನೆಯವರೆಗೂ ಕೇಳಿದ. ಹಿಡಿದುಕೊಳ್ಳುವ ಅಗತ್ಯವೇ ಇರಲಿಲ್ಲ.

ಗುರುವಾರ ಅವನ ವಿಮಾನ. ನಾನು ಅಂಗಿ ಬಿಡಲಿಲ್ಲ.