ಹುಣಸೆಮರಕ್ಕೆ ಹೆಣ್ಣು ಕೇಳಿದ ನರಿಯ ಆಧಾರ್ ಸಂಖ್ಯೆ ಕುರಿತು

ಸುತ್ತೋಲೆ ಸಂಖ್ಯೆ: ಕಥೆ/ತಪಾಸಣೆ/ನರಿ/17/2025-26
ಬೆಂಗಳೂರು, ದಿನಾಂಕ: 14.07.2025

ವಿಷಯ: ಮೌಖಿಕ ಕಥೆಗಳ ಆನ್‌ಲೈನ್ ನೋಂದಣಿಯಲ್ಲಿ ತಪಾಸಣಾ ನಿಯಮಗಳನ್ನು ಆಯ್ದು ಅನ್ವಯಿಸುವ ಬಗ್ಗೆ.

ಉಲ್ಲೇಖ: ವೈಯಾಲಿಕಾವಲ್ ನಿವಾಸಿ ಸುಬ್ಬಮ್ಮ, 81 ವರ್ಷ, ಇವರ ಅರ್ಜಿ (ಒಂಬತ್ತು ಬಾರಿ ತಿರಸ್ಕೃತ).

ತಾನು ಅಜ್ಜಿಯಿಂದ ಕೇಳಿ, ಬೀದಿಯ ಮೂರು ತಲೆಮಾರಿನ ಮಕ್ಕಳಿಗೆ ಹೇಳಿದ ‘ಹುಣಸೆಮರಕ್ಕೆ ಹೆಣ್ಣು ಕೇಳಿದ ನರಿ’ ಕಥೆಯು ತನ್ನ ಹೆಸರಿನಲ್ಲಿ ಉಳಿಯಬೇಕೆಂಬುದು ಸುಬ್ಬಮ್ಮನವರ ಕೋರಿಕೆ. ತಂತ್ರಾಂಶದಲ್ಲಿ ಆಧಾರ್, ಪಿನ್‌ಕೋಡ್ ಇತ್ಯಾದಿ ಪರೀಕ್ಷಿಸುವ ತಪಾಸಣಾ ಚೀಟಿಗಳನ್ನು ‘ವ್ಯಕ್ತಿ’ ಎಂಬ ಮೂಲ ಕ್ಲಾಸಿಗೆ (ಅಂದರೆ ಮಾದರಿ ಅಚ್ಚಿಗೆ) ಅಂಟಿಸಲಾಗಿದ್ದು, ಅದರಿಂದ ಹುಟ್ಟಿದ ‘ಕಥೆಗಾರ’, ‘ಮರ’, ‘ನರಿ’ ಎಲ್ಲಕ್ಕೂ ಅವು ವಂಶಪಾರಂಪರ್ಯವಾಗಿ ಬಂದಿರುತ್ತವೆ. ಚೀಟಿಗಳನ್ನು ಕಥೆ ಹೇಳುವವರಿಗೆ ಮಾತ್ರ ಅಂಟಿಸಿ, ಕಥೆಯೊಳಗಿನವರನ್ನು ಬಿಟ್ಟುಬಿಡಬೇಕೆಂದು ಗುತ್ತಿಗೆ ಪ್ರೋಗ್ರಾಮರ್ ಆಕರ್ಷ ನೀಡಿದ ಸಲಹೆಯು ಸರಿಯಾಗಿದ್ದರೂ, ಕಿರಿಯರಿಂದ ಬಂದಿರುವುದರಿಂದ ತಿರಸ್ಕರಿಸಲಾಗಿದೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

1. ನರಿಯು ಹನ್ನೆರಡು ಅಂಕಿಯ ಆಧಾರ್ ಸಂಖ್ಯೆಯನ್ನು ಒದಗಿಸತಕ್ಕದ್ದು. ಹೆಬ್ಬೆಟ್ಟಿನ ಗುರುತು ಮೂಡದಿದ್ದಲ್ಲಿ ನಾಲ್ಕೂ ಪಂಜ ಒತ್ತಲು ಅವಕಾಶವಿರುತ್ತದೆ.

2. ‘ಒಂದಾನೊಂದು ಕಾಲದಲ್ಲಿ’ ಎಂಬುದು ದಿನಾಂಕವಲ್ಲ. ‘ಏಳು ಸಮುದ್ರದಾಚೆ’ ಎಂಬುದಕ್ಕೆ ಪಿನ್‌ಕೋಡ್ ಇಲ್ಲದಿದ್ದಲ್ಲಿ, ತೀರಾ ಸಮೀಪವಿರುವ ಮಲ್ಲೇಶ್ವರದ ಪಿನ್‌ಕೋಡನ್ನು ನಮೂದಿಸತಕ್ಕದ್ದು.

3. ವರನಾದ ಹುಣಸೆಮರಕ್ಕೆ ಇಪ್ಪತ್ತೊಂದು ವರ್ಷ ತುಂಬಿರುವ ಬಗ್ಗೆ ಶಾಲಾ ವರ್ಗಾವಣೆ ಪತ್ರವನ್ನು ಲಗತ್ತಿಸತಕ್ಕದ್ದು. ಕಾಂಡ ಕಡಿದು ಉಂಗುರ ಎಣಿಸಿ ತೋರಿಸಿದಲ್ಲಿ, ವರ ಜೀವಂತವಿರುವ ಪ್ರಮಾಣಪತ್ರವೂ ಬೇಕಾಗುತ್ತದೆ.

4. ಸುಬ್ಬಮ್ಮನವರು ಕೌಂಟರಿನಲ್ಲಿ, “ನರಿಗೆ ಆಧಾರ್ ಎಲ್ಲಿಂದ ತರ್ಲಪ್ಪಾ? ನೀನೇ ಕಾಡಿಗೋಗಿ ಅದ್ರ ಫೋಟೋ ಹಿಡ್ಕೊಂಡ್ ಬಾ, ನಾನ್ ಇಲ್ಲೇ ಕೂತಿರ್ತೀನಿ” ಎಂದಿರುವುದು ದಾಖಲಾಗಿದೆ. ಸಿಬ್ಬಂದಿಯನ್ನು ಕಾಡಿಗೆ ಕಳುಹಿಸುವ ಅಧಿಕಾರವು ನಿರ್ದೇಶಕರಿಗೆ ಮಾತ್ರ ಇರುತ್ತದೆ.

5. ನಿಯಮಗಳು ಸರ್ವರಿಗೂ ಸಮಾನ. ಮಲ್ಲೇಶ್ವರದ ಶ್ರೀಮತಿ ಗಿರಿಜಾಂಬಾ ಅವರ ಕಥೆಗೆ ಮಾತ್ರ ಎಲ್ಲ ಚೀಟಿಗಳನ್ನೂ ಕಿತ್ತುಹಾಕಲಾಗಿದೆ. ಇವರು ನಿರ್ದೇಶಕರ ಅತ್ತೆಯಾಗಿರುವುದು ಕಾಕತಾಳೀಯವೆಂದು ನಿರ್ದೇಶಕರೇ ದೃಢೀಕರಿಸಿರುತ್ತಾರೆ.

6. ಸದರಿ ಕಥೆಯೂ ‘ಹುಣಸೆಮರಕ್ಕೆ ಹೆಣ್ಣು ಕೇಳಿದ ನರಿ’ಯೇ ಆಗಿದ್ದು, ಅದನ್ನು ಬಾಲ್ಯದಲ್ಲಿ ಸುಬ್ಬಮ್ಮನವರ ಜಗಲಿಯಲ್ಲಿ ಕೂತು ಕೇಳಿದ್ದಾಗಿ ಗಿರಿಜಾಂಬಾ ಅವರು ಅರ್ಜಿಯಲ್ಲೇ ಬರೆದಿರುತ್ತಾರೆ. ಒಂದೇ ಕಥೆಯನ್ನು ಎರಡು ಬಾರಿ ನೋಂದಾಯಿಸಲು ಬರುವುದಿಲ್ಲ. ಆದಕಾರಣ ಸುಬ್ಬಮ್ಮನವರ ಹತ್ತನೆಯ ಅರ್ಜಿಯನ್ನು, ನರಿಯೇ ಆಧಾರ್ ಹಿಡಿದು ಬಂದರೂ, ನಕಲು ಎಂದು ವಿಲೇವಾರಿ ಮಾಡಲಾಗಿದೆ.

ಸಹಿ/-
(ಚಲುವರಾಜು)
ನಿರ್ದೇಶಕರು

ಪ್ರತಿ:
1. ಆಕರ್ಷ: ಗುತ್ತಿಗೆ ಮುಗಿದಿರುವ ಮಾಹಿತಿಗಾಗಿ.
2. ಶ್ರೀಮತಿ ಗಿರಿಜಾಂಬಾ: ಪ್ರಮಾಣಪತ್ರ ಸಹಿತ. ನಿರ್ದೇಶಕರು ಭಾನುವಾರ ಊಟಕ್ಕೆ ಹೋದಾಗ ಖುದ್ದು ತಲುಪಿಸುವರು.
3. ನರಿ: ವಿಳಾಸದಾರರು ಸಿಗದ ಕಾರಣ ಕಡತಕ್ಕೆ.
4. ಸುಬ್ಬಮ್ಮ: ಇನ್ನು ಮುಂದೆ ಮಕ್ಕಳಿಗೆ ಈ ಕಥೆ ಹೇಳುವ ಮುನ್ನ ಈ ಪ್ರತಿ ಪಟ್ಟಿಯ ಕ್ರಮ ಸಂಖ್ಯೆ 2ರವರ ಲಿಖಿತ ಅನುಮತಿ ಪಡೆಯತಕ್ಕದ್ದು.