ತಳ್ಳು ಹರಕೆ

ಹೆಂಡತಿ ದೇವರ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ಗಂಡನ ಸಹಿಯೂ ಇರಬೇಕು ಅಂತ ಒಂದು ಕಾನೂನು ಬರಬೇಕು ಸ್ವಾಮಿ. ಇಲ್ಲದಿದ್ದರೆ ನನ್ನಂಥ ಬಡಪಾಯಿಗಳ ಗತಿ ಏನು?

ನಾನು ಶಶಿಧರ, ಅಜ್ಜಂಪುರದಲ್ಲಿ ಡ್ರಾಯಿಂಗ್ ಮೇಷ್ಟ್ರು. ಕಳೆದ ಶ್ರಾವಣದ ಒಂದು ಸಂಜೆ ತರೀಕೆರೆಯಿಂದ ಬೈಕಿನಲ್ಲಿ ಬರುತ್ತಿದ್ದೆ. ಎದುರಿಗೆ ಇಳಿಬಿಸಿಲು ಬಿದ್ದ ಒಂದು ಮೋಡ. ಎಂಥಾ ಮೋಡ ಅಂತೀರಿ! ಹೊಟ್ಟೆಯೆಲ್ಲ ಹೊಂಬಣ್ಣ, ಅಂಚಿನಲ್ಲಿ ತಿಳಿನೇರಳೆ. ಈ ನೇರಳೆಗೆ ಯಾವ ಯಾವ ಬಣ್ಣ ಬೆರೆಸಬೇಕು ಅಂತ ಯೋಚಿಸುತ್ತಿದ್ದಾಗಲೇ ರಸ್ತೆ ಬದಿಯ ಜಲ್ಲಿ ರಾಶಿಗೂ ನನಗೂ ಮುಖಾಮುಖಿಯಾಯಿತು. (ರಾಶಿ ಒಂದಿಂಚೂ ಕದಲಲಿಲ್ಲ.)

ನನ್ನ ಬಲಗಾಲು ಮುರಿಯಿತು, ಬೈಕಿನ ಮುಂದಿನ ಫೋರ್ಕ್ ಬಾಗಿತು. ಡಾಕ್ಟರು ಕಾಲಿಗೆ ರಾಡ್ ಹಾಕಿ "ಆರು ತಿಂಗಳು" ಅಂದರು. ಮೆಕ್ಯಾನಿಕ್ ಕಾಂತರಾಜ್ ಗಾಡಿ ನೋಡಿ ಅವರಷ್ಟೇ ಗಂಭೀರವಾಗಿ "ಆರು ತಿಂಗಳು ಸಾರ್" ಅಂದ. ಇಪ್ಪತ್ತು ವರ್ಷದ ಗಾಡಿ, ಸಾಮಾನು ಸಿಗುವುದೇ ಕಷ್ಟ. ಕಡೂರಿನ ಗುಜರಿಯಿಂದ ಹೆಡ್‌ಲೈಟು ತಂದ. ಪಂಚನಹಳ್ಳಿಯಲ್ಲಿ ಯಾರದೋ ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಗಾಡಿಯಿಂದ ಫೋರ್ಕ್ ಬಿಚ್ಚಿಕೊಂಡು ಬಂದ. ನನ್ನ ಹಟಕ್ಕೆ ರಿಪೇರಿ ನಮ್ಮ ಪಡಸಾಲೆಯಲ್ಲೇ, ನನ್ನ ಮಂಚದ ಎದುರಿಗೇ ನಡೆಯಿತು. ಒಂದೇ ವಾರ್ಡಿನಲ್ಲಿ ಇಬ್ಬರು ರೋಗಿಗಳು.

ಆ ಮಧ್ಯಾಹ್ನಗಳ ಸುಖ ಏನು ಹೇಳಲಿ! ಫ್ಯಾನು ಗುಂಯ್ ಅನ್ನುತ್ತಿತ್ತು. ಕಣ್ಣು ಮುಚ್ಚಿದರೆ ಅದೇ ಇಂಜಿನ್ ಸದ್ದು. ಮಂಚ ಮೆಲ್ಲಗೆ ಪಡಸಾಲೆ ಬಿಟ್ಟು, ಬೀದಿ ದಾಟಿ, ತೆಂಗಿನ ಸಾಲುಗಳ ನಡುವೆ ತೇಲಿಕೊಂಡು ಲಕ್ಕವಳ್ಳಿ ಕಡೆ ಹೊರಡುತ್ತಿತ್ತು. ಭದ್ರೆಯ ನೀರು ಸವರಿಕೊಂಡು ಬಂದ ಗಾಳಿ ಮುಖಕ್ಕೆ ತಗುಲಬೇಕು, ಅಷ್ಟರಲ್ಲಿ...

"ರೀ, ಆಕ್ಸಿಲೇಟರ್ ಬಿಡ್ರೀ! ರಗ್ಗು ಹರಿದೋಯ್ತದೆ!"

ನನ್ನಾಕೆ ಅನಿತಾ. ನಿದ್ದೆಯಲ್ಲಿ ರಗ್ಗಿನ ತುದಿಯನ್ನು ತಿರುಚುತ್ತಿದ್ದೆನಂತೆ.

ಪೆಟ್ರೋಲ್ ಟ್ಯಾಂಕಿಗೆ ನಾನೇ ಕೂತು ಆಕಾಶನೀಲಿ ಬಳಿದು, ನಡುವೆ ಒಂದು ಪುಟ್ಟ ಮೋಡ ಬರೆದೆ.

"ಮೋಡ ನೋಡಿ ಬಿದ್ದಿದ್ದು ಸಾಲ್ದು ಅಂತ ಮಡಿಲಲ್ಲೇ ಇಟ್ಕೊಂಡು ಓಡಾಡ್ತೀರಾ?"

"ಇನ್ಮೇಲೆ ತಲೆ ಎತ್ತಿ ನೋಡಲ್ಲ ಕಣೇ."

"ಹೂಂ, ತಲೆ ತಗ್ಸಿ ನೋಡ್ಕೊಂಡು ಬೀಳ್ತೀರಾ."

ಕೊನೆಗೂ ಆ ಶುಭದಿನ ಬಂತು. ಕಾಲೂ ರೆಡಿ, ಗಾಡಿಯೂ ರೆಡಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಿಂಹಾಸನವೇರುವ ಮಹಾರಾಜನ ಗತ್ತಿನಲ್ಲಿ ಸೀಟಿನ ಮೇಲೆ ಕಾಲು ಹಾಕಿದೆ.

"ಸ್ಟಾರ್ಟ್ ಮಾಡ್ಬ್ಯಾಡ್ರೀ! ಹರಕೆ ಐತೆ."

"ಯಾರ್ದೇ ಹರಕೆ?"

"ನಂದು. ಆಸ್ಪತ್ರೆ ಬಾಗ್ಲಲ್ಲಿ ಕುಂತಿದ್ದಾಗ ಹೊತ್ಕೊಂಡೆ. ನಮ್ಮೆಜಮಾನ್ರು ಮೊದ್ಲಿನಂಗೆ ನಡೆದ್ರೆ, ಇಂಜಿನ್ ಹಾಕ್ದಂಗೆ ಗಾಡಿ ತಳ್ಕೊಂಡು ನಿನ್ನ ಗುಡಿಗೆ ಬತ್ತಾರೆ ಅಂತ ಅಂತರಘಟ್ಟಮ್ಮಂಗೆ ಮಾತು ಕೊಟ್ಟಿದೀನಿ."

"ಲೇ, ಹರಕೆ ಹೊತ್ತೋಳು ನೀನು, ತಳ್ಳೋನು ನಾನಾ?"

"ಬಿದ್ದೋರು ಯಾರು?"

ಸೀಟಿನ ಮೇಲೆ ಹಾಕಿದ್ದ ಕಾಲನ್ನು ಕೆಳಗಿಳಿಸಿದೆ. ಚೆನ್ನಾಗಿ ನಡೆಯಬೇಕು ಅಂತ ಡಾಕ್ಟರು ಹೇಳಿದ್ದನ್ನೂ ಅವಳೇ ನೆನಪಿಸಿದಳು.

ಮಂಗಳವಾರ ಬೆಳಗ್ಗೆ ನ್ಯೂಟ್ರಲ್ ಮಾಡಿಕೊಂಡು ಹೊರಟೆ. ಪಕ್ಕದಲ್ಲಿ ತೆಂಗಿನಕಾಯಿ, ನೀರಿನ ಬಾಟಲಿ ಹಿಡಿದ ಅನಿತಾ. "ಏನ್ ಮೇಷ್ಟ್ರೇ, ಪೆಟ್ರೋಲ್ ಖಾಲಿನಾ?" ಅಂತ ಪ್ರತಿ ಬಸ್ಸಿನ ಕಿಟಕಿಯೂ ನನ್ನ ಮಾನ ಹರಾಜು ಹಾಕಿತು. ಊರು ದಾಟಿದ ಮೇಲೆ ಮಾತ್ರ ಎಂಥದೋ ಮಂಪರು. ಹೊಲದ ಮೇಲಿನ ಇಬ್ಬನಿ ಆರುತ್ತಿತ್ತು. ಅನಿತಾ ಮದುವೆಯಾದ ಹೊಸದರ ಮಾತುಗಳನ್ನೆಲ್ಲ ಒಂದೊಂದಾಗಿ ತೆಗೆದಳು. ಇಷ್ಟು ನಿಧಾನಕ್ಕೆ ಹೋದರೆ ಮೋಡವನ್ನೂ ನೋಡಬಹುದು, ಜಲ್ಲಿಯನ್ನೂ ನೋಡಬಹುದು. ನನಗೆ ನಿಜವಾಗಿಯೂ ಖುಷಿಯಾಗಿತ್ತು. (ಅವಳಿಗೆ ಹೇಳಲಿಲ್ಲ.)

ಗುಡಿಯಲ್ಲಿ ಪೂಜಾರಪ್ಪ ಟ್ಯಾಂಕಿಗೆ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಹರಕೆ ತೀರಿತು! ಮೂರನೇ ಕಿಕ್ಕಿಗೆ ಇಂಜಿನ್ ಎದ್ದಿತು. ಆರು ತಿಂಗಳ ಕನಸು ಕೈಯಲ್ಲಿ ಗುಡುಗುಡು ಅನ್ನುತ್ತಿತ್ತು.

"ಹತ್ತೇ!"

ಅವಳು ಹತ್ತಲಿಲ್ಲ. ಗುಡಿ ಕಡೆ ಕೈಮುಗಿದು, ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದಳು.

"ಏನೇ ಬೇಡ್ಕೊಂಡೆ?"

"ನೀವು ಓಡಿಸ್ಕೊಂಡು ಹೋಗಿ ಕ್ಷೇಮವಾಗಿ ಮನೆ ಮುಟ್ಟಿದ್ರೆ, ಬರೋ ಮಂಗಳವಾರ ಮತ್ತೆ ತಳ್ಕೊಂಡು ಬತ್ತಾರೆ ಅಂದೆ."

"ಅಯ್ಯೋ, ನಿನ್ನ..."

ಬೈಯುವುದಕ್ಕೆ ಬಾಯಿ ತೆರೆದವನು ಅವಳ ಮುಖ ನೋಡಿದೆ. ಕಣ್ಣು ತುಂಬಿಕೊಂಡಿದ್ದಳು. "ಅವತ್ತು ರಾತ್ರಿಯಾದ್ರೂ ನೀವು ಬರ್ಲಿಲ್ಲ ಅಂತ ಮನೆ ಬಾಗ್ಲಲ್ಲಿ ನಿಂತಿದ್ನಲ್ಲ, ಅಂಗೆ ಇನ್ನೊಂದ್ಸಲ ನಿಲ್ಲಕ್ಕೆ ನನ್ ಕೈಲಿ ಆಗಲ್ಲ ಕಣ್ರೀ."

ನಾನು ಯೋಚಿಸಿದೆ. ಓಡಿಸಿಕೊಂಡು ಹೋಗಿ ಕ್ಷೇಮವಾಗಿ ತಲುಪಿದರೆ ಮುಂದಿನ ವಾರ ಮತ್ತೆ ತಳ್ಳಬೇಕು. ತಲುಪದಿದ್ದರೆ ಮತ್ತೆ ಮಂಚ. ಇಂಜಿನ್ ಆಫ್ ಮಾಡಿ ಕೆಳಗಿಳಿದೆ.

"ಓಡಿಸ್ಕೊಂಡು ಹೋದ್ರೆ ತಾನೇ ಹರಕೆ? ತಳ್ಕೊಂಡೇ ಹೋದ್ರೆ?"

ಅನಿತಾ ಕಣ್ಣೊರೆಸಿಕೊಂಡಳು. ಮುಖ ಅರಳಿತು.

"ಆಗ ಹರಕೆ ಇಲ್ಲ ಬಿಡಿ. ಸ್ವಲ್ಪ ಗಟ್ಟಿಯಾಗಿ ಹಿಡ್ಕಳ್ರೀ," ಅನ್ನುತ್ತ ಸೆರಗು ಸಿಕ್ಕಿಸಿ ಸೀಟಿನ ಮೇಲೆ ಹತ್ತಿ ಕೂತಳು. "ಬೆಳಗ್ಗಿಂದ ನಡ್ದು ನಡ್ದು ನನ್ ಕಾಲು ಬಿದ್ದೋಗೈತೆ. ಹೂಂ, ಹೊರಡಿ."