ಕುಂಕುಮ ಹಚ್ಚಿದ ಬೇರಿಂಗ್

ಗಂಡಸರ ಕಿವಿಗೆ ಒಂದು ವಿಶೇಷ ಶಕ್ತಿ ಇದೆ. ಪಕ್ಕದ ಮನೆಯವರ ಗಾಡಿ ಒಂಚೂರು ಕಿರ್ ಅಂದರೂ ಎರಡು ಓಣಿ ಆಚೆಯಿಂದ ಕೇಳಿಸುತ್ತದೆ. ಸ್ವಂತ ಗಾಡಿ ಗೋಳೋ ಎಂದು ಅತ್ತರೂ ಕೇಳಿಸುವುದಿಲ್ಲ. ಎಲ್ಲ ಗಂಡಸರ ಉಸಾಬರಿ ನನಗೇಕೆ, ನನ್ನದನ್ನೇ ಹೇಳಿಬಿಡುತ್ತೇನೆ. ನಾನು ಬೈಲಹೊಂಗಲದಲ್ಲಿ ಮನೆ ಮಾಡಿಕೊಂಡು ಕಿತ್ತೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಹೆಂಡತಿ ಸುಮಾ ಅದೇ ಊರಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ದಿನಾ ಮುಂಜಾನೆ ಇಬ್ಬರೂ ನಮ್ಮ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಹೊರಡುತ್ತೇವೆ. ಮನೆಯಲ್ಲಿ ಒಲೆ, ನಳ, ಸ್ನಾನ ಎಂದು ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ನಾವಿಬ್ಬರೂ ನೆಟ್ಟಗೆ ಕೂತು ಮಾತಾಡುವುದು ಆ ಮುಕ್ಕಾಲು ತಾಸಿನಲ್ಲಿ ಮಾತ್ರ.

ಒಂದು ದಿನ ಅವಳು ಮಾತು ನಿಲ್ಲಿಸಿ, "ರೀ, ಏನೋ ಗುಂಯ್ ಅನ್ನಲಿಕತ್ತದ, ಕೇಳ್ರಿ" ಎಂದಳು. ನನಗೂ ಕೇಳಿಸಿತ್ತು. ಆದರೆ ಗಾಡಿ ಆರಿಸಿ ತಂದವನು ನಾನು. "ಅದು ರಸ್ತೆ ಸಪ್ಪಳ" ಎಂದೆ. ಮರುದಿನ ರಸ್ತೆ ಚೆನ್ನಾಗಿದ್ದ ಕಡೆಯೂ ಗುಂಯ್ ಅಂದಿತು. "ಗಾಳಿ" ಎಂದೆ. ಇನ್ನೊಂದು ದಿನ ಮುಂದೆ ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರಿನ ಹಾಡಿನ ಮೇಲೆ ಹಾಕಿದೆ. ಟ್ರ್ಯಾಕ್ಟರ್ ಅಡ್ಡರಸ್ತೆಗೆ ಹೊರಳಿತು, ಹಾಡೂ ಅದರ ಜೊತೆ ಹೋಯಿತು, ಗುಂಯ್ ಮಾತ್ರ ನಮ್ಮ ಜೊತೆಗೇ ಉಳಿಯಿತು. ಸುಮಾ ನನ್ನ ಮುಖ ನೋಡಿದಳು. ಹೀಗೇ ಎರಡು ತಿಂಗಳು ಕಳೆದವು. ಒಂದು ಸೋಮವಾರ ಚಪ್ಪಲಿ ಮೆಟ್ಟುತ್ತ, "ನಾ ಇನ್ನ ಬಸ್ಸಿಗೆ ಹೋಗ್ತೇನ್ರಿ" ಎಂದಳು. ಜಗಳವಿಲ್ಲ, ಸಿಟ್ಟಿಲ್ಲ. ಅದೇ ಹೆಚ್ಚು ದಿಗಿಲು ಹುಟ್ಟಿಸಿತು.

ಸಪ್ಪಳಕ್ಕೆ ಹೆದರಿದ್ದಾಳೆ ಅಂದುಕೊಂಡೆ. ಒಬ್ಬನೇ ಹೋಗುವಾಗ ಆ ದಾರಿ ಎಷ್ಟು ಉದ್ದವೆಂದು ಗೊತ್ತಾಯಿತು. ಅಂಚೆ ಕಚೇರಿಗೆ ಯಾರು ಬಂದರು, ಯಾರ ಪತ್ರ ಎಲ್ಲಿ ಅಲೆದಾಡಿ ಬಂತು ಎಂದು ಹೇಳುವವರಿಲ್ಲ. ಪಕ್ಕದ ಸೀಟಿನಲ್ಲಿ ಬುತ್ತಿ ಚೀಲ ಕೂರಿಸಿ ಅದಕ್ಕೆ ಬೆಲ್ಟ್ ಕಟ್ಟಿದೆ. ಅವಳಿಲ್ಲದೆ ನನಗೆ ಬೇಜಾರಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ನಾಲ್ಕನೇ ದಿನ ಮೌನೇಶಪ್ಪ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ.

ಮೌನೇಶಪ್ಪ ದೊಡವಾಡದಿಂದ ಬರುವ ಟ್ರ್ಯಾಕ್ಟರುಗಳನ್ನು, ಹಳೆಯ ಜೀಪುಗಳನ್ನು ರಿಪೇರಿ ಮಾಡಿ ಪಳಗಿದ ಕೈ. ಜಾಕ್ ಹಾಕಿ ಮುಂದಿನ ಬಲಗಾಲಿಯನ್ನು ಎತ್ತಿ, ನನ್ನ ಕೈಯನ್ನು ಒಳಗಿನ ಸ್ಪ್ರಿಂಗಿನ ಮೇಲೆ ಇಡಿಸಿ ಗಾಲಿ ತಿರುಗಿಸಿದ. ಜೋಳ ಬೀಸುವ ಹಾಗೆ ಕೈಗೆ ಅದುರು ಬಂತು.

"ಬೇರಿಂಗ್ ಹೋಗೇತ್ರಿ ಸರ. ಎಷ್ಟ ದಿನದಿಂದ ಐತ್ರಿ ಸಪ್ಪಳಾ?"

"ನಿನ್ನೆಯಿಂದ" ಎಂದೆ.

ಶನಿವಾರ ಅರ್ಧ ದಿನದ ಸಾಲೆ ಮುಗಿಸಿ ಧಾರವಾಡದಿಂದ ಹೊಸ ಬೇರಿಂಗ್ ತಂದೆ. ನಮ್ಮದು ಪೂಜಾರಿಕೆಯ ಮನೆತನ. ಅಜ್ಜ ಹೂಲಿಯಲ್ಲಿ ಗುಡಿಯ ಪೂಜೆ ಮಾಡುತ್ತಿದ್ದ. ಗುಡಿಯ ಪಾಳಿ ಬೇರೆಯವರಿಗೆ ಹೋಯಿತು, ಮಂತ್ರಗಳೂ ಅರ್ಧ ಮರೆತುಹೋದವು. ಒಂದು ಪದ್ಧತಿ ಮಾತ್ರ ಉಳಿದಿದೆ: ಮನೆಗೆ ಬಂದ ಯಾವ ಹೊಸ ಸಾಮಾನಾದರೂ ಮೊದಲು ದೇವರ ಮುಂದೆ ಕೂರಬೇಕು. ಮಿಕ್ಸರ್ ಕೂತಿದೆ, ಕುಕ್ಕರ್ ಕೂತಿದೆ, ಒಮ್ಮೆ ನಳದ ವಾಲ್ವೂ ಕೂತಿತ್ತು. ಬೇರಿಂಗನ್ನೂ ಕೂರಿಸಿದೆ. ಅದರ ಒಂದು ಮಗ್ಗುಲು ಕಪ್ಪಗೆ, ನುಣ್ಣಗೆ, ಕುಂಕುಮ ಎದ್ದು ಕಾಣುವ ಹಾಗಿತ್ತು. ಅಲ್ಲೇ ಹಚ್ಚಿ, ಕೈ ಮುಗಿದು, ಮಿಸ್ತ್ರಿಗೆ ಒಪ್ಪಿಸಿದೆ. ಅವನು ಕೈ ಒರೆಸಿಕೊಂಡು ಎರಡೂ ಕೈಯಿಂದ ತೆಗೆದುಕೊಂಡ.

ಗುಂಯ್ ನಿಂತಿತು. ಸೋಮವಾರ ಹುಮ್ಮಸ್ಸಿನಿಂದ ಸುಮಾಳನ್ನು ಕರೆದು ಕೂರಿಸಿದೆ. ಓಣಿ ದಾಟಿ ದೊಡ್ಡ ರಸ್ತೆಗೆ ಬರುತ್ತಲೇ ಸ್ಟೇರಿಂಗ್ ಹಿಂದೆ ಹಳದಿ ದೀಪ ಹತ್ತಿತು.

"ಇದೇನ್ರೀ ದೀಪಾ?"

"ಹೊಸ ಬೇರಿಂಗ್ ಅಲ್ಲೇನು, ರೂಢಿ ಆಗೋತನಕ ಹಂಗ" ಎಂದೆ. ಬಾಯಿಂದ ತಾನಾಗಿಯೇ ಬಂತು, ನಾನೇನು ಮಾಡಲಿ? ಬಸ್ ನಿಲ್ದಾಣದ ಹತ್ತಿರ ಅವಳು, "ಇಲ್ಲೇ ನಿಲ್ಲಸ್ರಿ" ಎಂದು ಇಳಿದು ಹೋದಳು.

ಸಂಜೆ ಮತ್ತೆ ಗ್ಯಾರೇಜು. ಈಗಿನ ಕಾರುಗಳಲ್ಲಿ ಪ್ರತಿ ಗಾಲಿಯ ಪಕ್ಕ ಒಂದು ಸಣ್ಣ ಸೆನ್ಸರ್ ಕೂತು ಅದು ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ನೋಡುತ್ತಿರುತ್ತದಂತೆ. ಆ ಲೆಕ್ಕ ತಪ್ಪಿದರೆ ದೀಪ ಹತ್ತುತ್ತದೆ. ಮೌನೇಶಪ್ಪ ಸೆನ್ಸರ್ ಒರೆಸಿದ, ವೈರು ಜಗ್ಗಿ ನೋಡಿದ, ಕೊನೆಗೆ ಸೆನ್ಸರನ್ನೇ ಬದಲಿಸಿದ. ದೀಪ ಆರಲಿಲ್ಲ. ಹುಬ್ಬಳ್ಳಿಯ ದೊಡ್ಡ ಗ್ಯಾರೇಜಿನಲ್ಲಿದ್ದ ಗೆಳೆಯನಿಗೆ ಫೋನ್ ಹಚ್ಚಿ, ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

ಗೆಳೆಯ ಕೇಳಿದ: "ಬೇರಿಂಗಿನ ಯಾವ ಮಗ್ಗಲಾ ಒಳಗ ಹಾಕೀಯೋ?"

ಮೌನೇಶಪ್ಪ ನನ್ನ ಕಡೆ ನೋಡಿದ. "ಕುಂಕುಮ ಇದ್ದ ಮಗ್ಗಲಾ ಹೊರಗ ಮಾಡೇನಪಾ. ದೇವರ ಕುಂಕುಮ ತಗೊಂಡ ಒಳಗ ಕತ್ತಲದಾಗ ಹೆಂಗ ಹಾಕ್ಲಿ? ಮನಸ್ಸ ಬರಲಿಲ್ಲ."

ಹೊರಗೆ ಮಾಡಿದರೂ ಅದರ ಮೇಲೆ ಹಬ್ ಎಂಬ ಲೋಹದ ತಟ್ಟೆ, ಅದರ ಮೇಲೆ ಗಾಲಿ ಬಂದು ಕುಂಕುಮ ಮುಚ್ಚಿಹೋಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಭಕ್ತಿ ಅಷ್ಟೆಲ್ಲ ನೋಡುವುದಿಲ್ಲ. ಫೋನಿನೊಳಗೆ ಬಹಳ ಹೊತ್ತು ನಗು ಕೇಳಿತು. ಆಮೇಲೆ ಗೆಳೆಯ ವಿವರಿಸಿದ: ಆ ಕಪ್ಪು ಮಗ್ಗುಲಿನಲ್ಲಿ ಅಯಸ್ಕಾಂತದ ಬಳೆ ಇರುತ್ತದೆ, ಅದು ಒಳಗೆ ಸೆನ್ಸರಿನ ಎದುರಿಗೇ ಇರಬೇಕು, ಅನುಮಾನವಿದ್ದರೆ ಗುಂಡುಸೂಜಿ ಹಿಡಿದು ನೋಡಬೇಕು. ಗುಂಡುಸೂಜಿ ಮತ್ತು ಅಯಸ್ಕಾಂತದ ಪಾಠವನ್ನು ನಾನು ಹಿಂದಿನ ವಾರವೇ ಮಕ್ಕಳಿಗೆ ಮಾಡಿದ್ದೆ. ಅದನ್ನು ಅಲ್ಲಿ ಹೇಳಲಿಲ್ಲ.

ಒತ್ತಿ ಕೂರಿಸಿದ ಬೇರಿಂಗ್ ಕಿತ್ತರೆ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಮರುದಿನ ಸಾಲೆ ಬಿಟ್ಟ ಮೇಲೆ ಧಾರವಾಡಕ್ಕೆ ಹೋಗಿ ಇನ್ನೊಂದು ತಂದೆ. "ಈ ಸಲ ಬರೇ ಕೈ ಮುಗದ ಕೊಡ್ರಿ ಸರ" ಎಂದ ಮೌನೇಶಪ್ಪ. ಗುಂಡುಸೂಜಿ ಕಪ್ಪು ಮಗ್ಗುಲಿಗೆ ಟಪ್ಪೆಂದು ಅಂಟಿತು. ಗಾಡಿ ಓಡಿಸಿ ನೋಡಿದೆವು. ಸಪ್ಪಳವೂ ಇಲ್ಲ, ದೀಪವೂ ಇಲ್ಲ.

ಮನೆಗೆ ಬಂದಾಗ ಸುಮಾ ಮೆಂತೆಸೊಪ್ಪಿನ ಎಲೆ ಬಿಡಿಸಿ ಸೋಸುತ್ತ ಕೂತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಕುಂಕುಮದ ಕಥೆ, ಮಿಸ್ತ್ರಿಗೆ ಹೇಳಿದ ಸುಳ್ಳು, ಮೊದಲ ದಿನವೇ ನನಗೂ ಗುಂಯ್ ಕೇಳಿಸಿದ್ದು. ಕುಂಕುಮಕ್ಕೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸೊಪ್ಪು ಕೆಳಗಿಟ್ಟು, "ನಾ ಸಪ್ಪಳಕ್ಕ ಹೆದರಿ ಬಸ್ಸಿಗೆ ಹೋಗಲಿಲ್ರಿ. ಇಲ್ಲ, ಇಲ್ಲ ಅಂತ ದಿನಾ ಹೇಳ್ತಿದ್ರಲ್ಲಾ, ಅದನ್ನ ಕೇಳ್ಕೋತ ಬಾಜೂಕ ಕೂಡೂದು ನನ್ನ ಕೈಲೆ ಆಗಲಿಲ್ಲ" ಎಂದಳು. ನಾನು ಸೊಪ್ಪು ಸೋಸತೊಡಗಿದೆ.

ಮರುದಿನ ಅವಳು ಕಾರಿನಲ್ಲಿ ಬಂದಳು. ಕಿತ್ತೂರು ಇನ್ನೇನು ಬಂತು ಅನ್ನುವಾಗ, "ರೀ, ಹಿಂದ ಎಡಕ್ಕ ಟಿಕ್ ಟಿಕ್ ಅಂತ ಏನೋ ಕೇಳಲಿಕತ್ತದಲ್ಲಾ?" ಎಂದಳು. ಕಿವಿ ನಿಮಿರಿಸಿ ಕೇಳಿದೆ. ಏನೂ ಇಲ್ಲ. ಆದರೆ ಬುದ್ಧಿ ಬಂದಿತ್ತಲ್ಲ! "ಹೌದು, ಜೋರಾಗೇ ಕೇಳಸ್ತದ. ಇವತ್ತೇ ಮಿಸ್ತ್ರಿ ಕಡೆ ಒಯ್ತೇನಿ" ಎಂದೆ.

"ಏನೂ ಇಲ್ರಿ" ಎಂದಳು ಅವಳು ಕಿಟಕಿಯ ಹೊರಗೆ ನೋಡುತ್ತ. "ನೀವು ಏನಂತೀರಿ ಅಂತ ನೋಡಿದೆ."

ಸಂಜೆಯೂ ಅವಳು ನನ್ನ ಜೊತೆಗೇ ಬಂದಳು, ಅದು ದೊಡ್ಡದು. ಆದರೆ ಇಷ್ಟು ವರ್ಷ ಮಕ್ಕಳಿಗೆ ಪರೀಕ್ಷೆ ಮಾಡಿದ ನಾನು, ಒಂದೇ ಪ್ರಶ್ನೆಗೆ ಎರಡು ಬೇರೆ ಬೇರೆ ಉತ್ತರ ಕೊಟ್ಟು ಎರಡೂ ಸಲ ನಪಾಸಾಗಿದ್ದೆ.